ಹೊನ್ನೂರಿನಿಂದ ಹೋದ ಉತ್ತರ

ಮಗ್ಗದ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವುದು ಶೋಕಿಗಲ್ಲ. ಕಣ್ಣು ಸೀರೆಯ ಮೇಲೆ, ಕೈ ಲಾಳಿಯ ಮೇಲೆ, ಕಾಲು ಮಗ್ಗದ ಗುಂಡಿಯೊಳಗೆ, ಬಿಡುವಾಗಿರುವುದು ಕಿವಿಯೊಂದೇ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬೆಳಗ್ಗೆ ಹನ್ನೊಂದಾದರೆ ಎಲ್ಲ ಮನೆಯಲ್ಲೂ ಒಂದೇ ದನಿ, ಊರಿನ ರೇಡಿಯೋದ ಅಂಜನಾಳದು. ಅವಳು ಒಂದು ಪ್ರಶ್ನೆ ಕೇಳುತ್ತಾಳೆ, ಒಂದು ಹಾಡು ಹಾಕುತ್ತಾಳೆ, ಹಾಡು ಮುಗಿದ ಮೇಲೆ ಫೋನ್ ತೆಗೆದುಕೊಳ್ಳುತ್ತಾಳೆ. ಮೊದಲು ಸರಿಯಾಗಿ ಹೇಳಿದವರ ಹೆಸರು, ಊರು ಸುತ್ತಿನ ತಾಲ್ಲೂಕುಗಳಿಗೆಲ್ಲ ಕೇಳುತ್ತದೆ.

ಉತ್ತರ ನನಗೆ ಗೊತ್ತಿರುತ್ತಿತ್ತು. ಲೈನು ಸಿಗುತ್ತಿರಲಿಲ್ಲ. ನಾನೂ ನನ್ನ ಗಂಡ ಹೊನ್ನಯ್ಯನೂ ಒಂದೇ ಮಗ್ಗದಲ್ಲಿ ನೇಯುವವರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬರುವ ಸೀರೆಗೆ ಇಬ್ಬರು ಬೇಕು. ಅವರ ಎಳೆ ಬಂದು ನನ್ನ ಎಳೆಗೆ ಸಿಕ್ಕಿಕೊಂಡರೇ ಅಂಚು ಕೂಡುವುದು. ನಾನು ಫೋನು ಒತ್ತುತ್ತ ಕೂತರೆ ಅವರು ಲಾಳಿ ಹಿಡಿದು ಸುಮ್ಮನೆ ಕೂರಬೇಕು.

"ಓಗಮ್ಮಿ, ಆ ರೇಡಿಯೋದೋರ್ ಜೊತೆಲೇ ಕುಂತ್ಕಂಡು ನೇಯಿ ಓಗು," ಎನ್ನುತ್ತಿದ್ದರು.

ಹೀಗಿರುವಾಗ ಹೊನ್ನೂರಿನ ಶಿವರತ್ನಮ್ಮ ಸಿಕ್ಕಳು. ರೇಡಿಯೋದವರು ಒಮ್ಮೆ ಕೇಳುಗರನ್ನೆಲ್ಲ ಕರೆದು ಊಟ ಹಾಕಿದಾಗ ಪಕ್ಕದ ಎಲೆಗೆ ಕೂತಿದ್ದವಳು. ಗದ್ದೆ, ಕಬ್ಬು, ತೆಂಗು ಇರುವ ಮನೆಯಾಕೆ. ಕೆಲಸಕ್ಕೆ ಆಳುಗಳಿದ್ದರು, ಅವಳ ಕೈಗೆ ಬಿಡುವಿತ್ತು. ನನ್ನ ಪಾಡು ಕೇಳಿ ನಕ್ಕಳು.

"ಅಷ್ಟೇ ತಾನೇ? ನೀ ಉತ್ತರ ಯೋಳು, ನಾ ಲೈನ್ ಇಡೀತೀನಿ. ಇಬ್ರ ಯೆಸ್ರೂ ಯೋಳ್ತೀನಿ ಕಣವ್ವ."

ಅಂದಿನಿಂದ ಅದೇ ನಡೆಯಿತು. ಹಾಡು ಶುರುವಾದ ಕೂಡಲೇ ಅವಳಿಗೆ ಫೋನು ಮಾಡಿ ಉತ್ತರ ಹೇಳಿ ನಾನು ಲಾಳಿ ಹಿಡಿಯುತ್ತಿದ್ದೆ. ಅವಳು ಜಗಲಿಯಲ್ಲಿ ಕೂತು ಲೈನು ಸಿಗುವವರೆಗೆ ಒತ್ತುತ್ತಿದ್ದಳು. "ಹೊನ್ನೂರಿನಿಂದ ಶಿವರತ್ನಮ್ಮ, ಕೊಳ್ಳೇಗಾಲದಿಂದ ರುದ್ರಾಣಿ" ಎಂದು ಅಂಜನಾ ಹೇಳುವಾಗ ನಮ್ಮವರೂ ಲಾಳಿ ನಿಲ್ಲಿಸಿ ಕೇಳುತ್ತಿದ್ದರು. ಕೇಳಿಸದವರ ಹಾಗೆ ಮುಖ ಮಾಡುತ್ತಿದ್ದರು, ಅದು ಬೇರೆ.

ಬರಬರುತ್ತ ನನ್ನ ಹೆಸರು ಬಿಟ್ಟುಹೋಯಿತು. ಕೇಳಿದೆ.

"ಆ ಉಡುಗಿ ಅವಸರ ಮಾಡ್ತಾಳೆ ಕಣವ್ವ, ಒಂದ್ ಯೆಸ್ರು ಯೋಳೋ ಒತ್ಗೆ ಫೋನ್ ಇಟ್ಬುಡ್ತಾಳೆ," ಎಂದಳು.

ಇರಬಹುದು ಅಂದುಕೊಂಡೆ. ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡದೆ ಸೊಪ್ಪನ್ನೂ ಕೊಳ್ಳುವವಳಲ್ಲ ನಾನು. ಆದರೆ ನಗುನಗುತ್ತ ಮಾತಾಡುವವರ ಮುಂದೆ ತಕ್ಕಡಿ ನೋಡುವುದು ಹೇಗೆ?

ರೇಡಿಯೋ ಶುರುವಾಗಿ ವರ್ಷ ತುಂಬುವ ದಿನ, ಹೆಚ್ಚು ಸಲ ಗೆದ್ದವರನ್ನು ಸ್ಟುಡಿಯೋಗೆ ಕರೆಸುತ್ತೇವೆ, ಅವತ್ತಿನ ಪ್ರಶ್ನೆ ಅವರೇ ಕೇಳಲಿ ಎಂದು ಅಂಜನಾ ಹೇಳಿದಳು. ನಾವಿಬ್ಬರೂ ಹೋಗುವುದು ಖಂಡಿತ ಅಂದುಕೊಂಡೆ. ಕೇಳುವುದಕ್ಕೆ ನನ್ನ ಹತ್ತಿರ ಒಂದಿತ್ತು. ನಮ್ಮವ್ವ ಚನ್ನಾಜಮ್ಮ ಮಗ್ಗದಲ್ಲಿ ಕೂತು ತಾನೇ ಕಟ್ಟಿದ ಒಗಟು. ಅವ್ವ ಬೀದಿ ದಾಟಿದವಳಲ್ಲ. ಅವಳ ಮಾತು ಒಂದು ಸಲ ಯಳಂದೂರು, ಹನೂರಿನವರೆಗೆ ಹೋಗಿಬರಲಿ ಎನ್ನುವುದು ನನ್ನ ಆಸೆ.

ಫೋನಿನಲ್ಲಿ ಶಿವರತ್ನಮ್ಮನಿಗೆ ಹೇಳಿಕೊಟ್ಟೆ: "ಸಾವಿರ ಮಕ್ಕಳ ಸಾಲಾಗಿ ನಿಲ್ಲುಸ್ತಾಳೆ, ಒಬ್ರ ಮೈ ಒಬ್ರಿಗೆ ತಾಕ್ಸಾಕಿಲ್ಲ. ದಿನಾ ಬಡೀತಾಳೆ, ಅಳೋರಿಲ್ಲ. ಬಡ್ದಷ್ಟೂ ಬಾಳ್ಕೆ. ಯಾರು?"

"ಯಾರವ್ವ?"

"ಸ್ಟುಡಿಯೋದಲ್ಲೇ ಯೋಳ್ತೀನಿ, ಅಲ್ಲೀಗಂಟ ತಲೆ ಕೆಡ್ಸ್ಕೊ ಅಕ್ಕ."

"ಆಗ್ಲಿ ಬುಡು. ನೀ ಕೇಳು, ನಾ ನಿನ್ ಪಕ್ಕ ಕುಂತ್ಕಂಡು ಚಪ್ಪಾಳೆ ತಟ್ತೀನಿ."

ಗೆದ್ದವರ ಹೆಸರು ಹೇಳಿದಾಗ ಶಿವರತ್ನಮ್ಮ ಒಬ್ಬಳದೇ ಬಂತು. ಫೋನು ಮಾಡಿದೆ. ಸ್ಟುಡಿಯೋದ ರೂಮು ಚಿಕ್ಕದಂತೆ, ಒಬ್ಬರಿಗೇ ಜಾಗವಂತೆ. "ಮೊದ್ಲು ನಿನ್ ಯೆಸ್ರೇ ಎತ್ತೋದು, ನಮ್ ಮನೆದೇವ್ರಾಣೆ," ಎಂದಳು.

"ದೇವ್ರ ಯಾಕೆ ಎಳೀತಾಳೆ?" ಎಂದರು ನಮ್ಮವರು.

ಆ ದಿನ ನಾನು ತಲೆಗೆ ನೀರು ಹಾಕಿಕೊಂಡು, ಒಳ್ಳೆ ಸೀರೆ ಉಟ್ಟು ಮಗ್ಗಕ್ಕೆ ಇಳಿದೆ. ರೇಡಿಯೋದಲ್ಲಿ ಶಿವರತ್ನಮ್ಮ ಗಂಡನ ಹೆಸರು ಹೇಳಿದಳು, ಮಕ್ಕಳ ಹೆಸರು ಹೇಳಿದಳು, ಹೊನ್ನೂರಿನ ತೆಂಗಿನಕಾಯಿಯ ರುಚಿ ಹೇಳಿದಳು. ಇಷ್ಟೆಲ್ಲ ಉತ್ತರ ಹೇಗೆ ಗೊತ್ತಮ್ಮ ಎಂದು ಅಂಜನಾ ಕೇಳಿದಾಗ, "ಅಂಗೇ ಒಳೀತದೆ ಕಣವ್ವ, ಯಾರೂ ಯೋಳ್ಕೊಟ್ಟೋರಿಲ್ಲ," ಎಂದಳು.

ನಾನು ಲಾಳಿ ಎಸೆದೆ. ಅದು ದಾರಿ ತಪ್ಪಿ ನೆಲಕ್ಕೆ ಬಿತ್ತು.

ಆಮೇಲೆ ಅವ್ವನ ಒಗಟನ್ನೇ ಕೇಳಿದಳು. ಒಂದು ಅಕ್ಷರ ತಪ್ಪಿಲ್ಲದೆ. ಫೋನುಗಳು ಬಂದವು. ರಾಮಾಪುರದಿಂದ ಪುಟ್ಟಮಾದಪ್ಪ ಎನ್ನುವವರು, "ಇಸ್ಕೂಲ್ ಮೇಷ್ಟ್ರು ಅಲ್ವರಾ?" ಎಂದರು.

"ಅಲ್ಲ," ಎಂದಳು ಶಿವರತ್ನಮ್ಮ.

"ಅಂಗಾರೆ ನಮ್ಮತ್ತೆ. ದಿನಾ ಬಡೀತಾರೆ."

"ನೀವು ಅಳ್ತೀರಲ್ಲ!" ಎಂದು ಅಂಜನಾ ನಕ್ಕಳು. ನಮ್ಮವರಿಗೂ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡರು.

ಮುಂದಿನ ಫೋನು ಮಾಂಬಳ್ಳಿಯ ಗೋವಿಂದಮ್ಮನದು. ಮೆತ್ತಗೆ, ಹೆದರಿ ಹೆದರಿ ಮಾತಾಡುವ ದನಿ. "ನಾನು ಮಗ್ಗದ ಮನೇಲಿ ಉಟ್ಟೋಳು ಕಣವ್ವ. ಅದು ಹಣಿಗೆ ಅಲ್ವಾ?"

ಹಣಿಗೆಯೇ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಹಲ್ಲಿನ ನಡುವೆ ಬೇರೆಬೇರೆಯಾಗಿ ನಿಲ್ಲಿಸಿ, ಅಡ್ಡ ಬಂದ ಎಳೆಯನ್ನು ಬಡಿದು ಕೂರಿಸುವುದು ಅದೇ. ಆಗಲೂ ನಮ್ಮಿಬ್ಬರ ಕಣ್ಣ ಮುಂದೆಯೇ ಇತ್ತು.

"ಅಲ್ಲ ಕಣವ್ವ," ಎಂದಳು ಶಿವರತ್ನಮ್ಮ, ಗಟ್ಟಿಯಾಗಿ.

"ಅಯ್ಯೋ, ಅಂಗಾ? ತಪ್ಪಾಯ್ತು," ಎಂದು ಗೋವಿಂದಮ್ಮ ಫೋನಿಟ್ಟಳು.

ನಮ್ಮವರ ಕೈ ನಿಂತಿತು. "ಇವ್ಳ್ಗೆ ಗೊತ್ತೇ ಇಲ್ವಲ್ಲಮ್ಮಿ!"

ಅಂಜನಾ ಹಾಡು ಹಾಕಿದಳು. ಹಾಡು ಮುಗಿದ ಮೇಲೆ ಅಮ್ಮನವರೇ ಉತ್ತರ ಹೇಳುತ್ತಾರೆ ಎಂದಳು. ಪಲ್ಲವಿ ಮುಗಿಯುವ ಮೊದಲೇ ನನ್ನ ಫೋನು ಬಡಿದುಕೊಂಡಿತು.

"ರುದ್ರವ್ವ, ಬಿರ್ರನೆ ಯೋಳು. ಯಾರದು?" ಪಿಸುಮಾತು. ಹಿಂದೆ ಬಾಗಿಲು ಹಾಕಿಕೊಂಡ ಸದ್ದು.

"ನನ್ ಯೆಸ್ರು ಯಾಕೆ ಎತ್ತಲಿಲ್ಲ ಅಕ್ಕ?"

"ಎತ್ತೀನಿ ಕಣವ್ವ, ಕಡೇಲಿ ಎತ್ತೀನಿ. ಮೊದ್ಲು ಯೋಳು, ಮಾನ ಓಯ್ತದೆ!"

"ಕಟ್ ಮಾಡಮ್ಮಿ," ಎಂದರು ನಮ್ಮವರು. ಮಾಡಬಹುದಿತ್ತು. ಅವಳು ಮೈಕಿನ ಮುಂದೆ ತೊದಲುವುದನ್ನು ಕೇಳುವ ಆಸೆ ನನಗೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಮಾಂಬಳ್ಳಿಯಲ್ಲಿ ಒಬ್ಬಳು ಸರಿಯಾಗಿ ಹೇಳಿಯೂ ತಪ್ಪಾಯ್ತು ಎಂದು ಕೂತಿದ್ದಳು. ಅವಳು ನನಗೆ ಏನು ಮಾಡಿದ್ದಳು?

"ಗೋವಿಂದಮ್ಮ ಯೋಳಿದ್ದೇ ಸರಿ," ಎಂದು ಫೋನಿಟ್ಟೆ.

ಹಾಡು ಮುಗಿಯಿತು. ಶಿವರತ್ನಮ್ಮನ ನಗು ಬಂತು. "ಹಣಿಗೆ ಕಣವ್ವ! ಮಾಂಬಳ್ಳಿಯವ್ರೇ ಗೆದ್ರು. ಸುಮ್ನೆ ವಸಿ ಆಟ ಆಡುಸ್ದೆ."

"ಎಂಥ ಚೆಂದದ ಒಗಟು! ಎಲ್ಲಿ ಕಲಿತ್ರಿ ಅಮ್ಮ?"

"ನಮ್ಮವ್ವ ಯೋಳೋಳು."

ನನ್ನ ಹೆಸರು ಹೋದರೆ ಹೋಗಲಿ ಅಂದುಕೊಂಡಿದ್ದೆ. ಇದು ಬೇರೆ. ನಮ್ಮವರು ಎದ್ದು ರೇಡಿಯೋ ಆರಿಸಿದರು. ಆ ದಿನ ಮತ್ತೆ ಹಾಕಲಿಲ್ಲ.

ಸಂಜೆ ಅವಳೇ ಫೋನು ಮಾಡಿದಳು. ಸ್ಟುಡಿಯೋದವರು ಹಾರ ಹಾಕಿದ್ದು, ಫೋಟೋ ತೆಗೆದಿದ್ದು, ಎಲ್ಲ ಹೇಳಿದಳು. ಆಮೇಲೆ ದನಿ ಇಳಿಸಿದಳು. "ಮನ್ಸಿಗೆ ಅಚ್ಕಬ್ಯಾಡ ರುದ್ರವ್ವ. ಬಾಯ್ಗೆ ಬಂದ್ಬುಡ್ತು. ನಿಮ್ಮವ್ವ ಬೇರೆ, ನಮ್ಮವ್ವ ಬೇರೆನಾ?"

"ಬೇರೆ ಕಣಕ್ಕ. ನಮ್ಮವ್ವನ ಯೆಸ್ರು ಚನ್ನಾಜಮ್ಮ. ನಲವತ್ತು ವರ್ಷ ಗುಂಡೀಲಿ ಕಾಲಿಟ್ಕಂಡು ನೇಯ್ದೋಳು. ನಿಮ್ಮವ್ವ ಮಗ್ಗ ನೋಡಿದ್ರಾ?"

"ಇಷ್ಟಕ್ಕೆಲ್ಲ ಕ್ವಾಪ ಮಾಡ್ಕಂಡ್ರೆ ಎಂಗವ್ವ? ನಾಳೆ ಅನ್ನೊಂದ್ಗಂಟೆಗೆ ಫೋನ್ ಮಾಡು," ಎಂದಳು.

ಅದೇ ನನಗೆ ಎಲ್ಲಕ್ಕಿಂತ ನೋವಾದದ್ದು. ತಪ್ಪು ಮಾಡಿದೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಮರುದಿನ ಅಂಜನಾ ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿತ್ತು. ಹಾಡು ಶುರುವಾಯಿತು. ನಾನು ಫೋನು ಮಾಡದಿದ್ದಾಗ ಹೊನ್ನೂರಿನಿಂದಲೇ ಫೋನು ಬಂತು. ಬಡಿದುಕೊಂಡು ಬಡಿದುಕೊಂಡು ನಿಂತಿತು. ನಾನು ಗುಂಡಿಯಿಂದ ಮೇಲೆ ಬಂದು ರೇಡಿಯೋದ ನಂಬರ್ ಒತ್ತಿದೆ. ಎಂಗೇಜ್ ಬಂತು. ಮತ್ತೆ ಒತ್ತಿದೆ.

"ನೀವು ವಸಿ ಕಾಯ್ಬೇಕು," ಎಂದೆ.

"ಮಾಡು, ಮಾಡು," ಎಂದರು ನಮ್ಮವರು, ಲಾಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು.