ಇವತ್ತಿನ ಕೈ

ಸತ್ತವರ ಫೋನನ್ನು ಚಾರ್ಜಿಗೆ ಹಾಕಬಾರದು ಎಂದು ಹಿರಿಯರು ಯಾರೂ ಹೇಳಿಟ್ಟು ಹೋಗಿಲ್ಲ. ಅವರ ಕಾಲಕ್ಕೆ ಫೋನೇ ಇರಲಿಲ್ಲ, ಪಾಪ. ಅಕ್ಕ ಹೋದ ಹದಿನೇಳನೆಯ ದಿನ ತಂಗಿ ಆ ಕೆಲಸ ಮಾಡಿಬಿಟ್ಟಳು. ಒಂದೇ ನಿಮಿಷಕ್ಕೆ ಫೋನು ಮೈಮೇಲೆ ಬಂದವರಂತೆ ಗಡಗಡ ನಡುಗಿ ಮೇಜಿನ ಮೇಲೆ ಒಂದು ಗೇಣು ಸರಿಯಿತು.

ಅಕ್ಕತಂಗಿ ಇಬ್ಬರೂ ಪುಸ್ತಕ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಬೈಂಡಿಂಗ್ ಅಂಗಡಿ. ಬೀದಿಯ ಕಡೆಗೊಂದು ಕಿಟಕಿ, ನಡುವೆ ಉದ್ದನೆಯ ಮೇಜು, ಈ ಕಡೆ ತಂಗಿಯ ಸ್ಟೂಲು, ಆ ಕಡೆ ಅಕ್ಕನದು. ಗ್ರಂಥಾಲಯದವರು ಬೆನ್ನು ಮುರಿದ ಪುಸ್ತಕಗಳನ್ನು ಚೀಲಗಟ್ಟಲೆ ತಂದು ಸುರಿಯುತ್ತಿದ್ದರು. ಅಕ್ಕ ಎಡಚಿ. ತಂಗಿಗೆ ಕೆಲಸ ಕಲಿಸಿದ್ದು ಎದುರಿಗೆ ಕೂತೇ. "ನನ್ನನ್ನ ಕನ್ನಡಿ ಅನ್ಕೊಂಡು ಮಾಡು, ತಲೆ ಕೆಡಿಸ್ಕೋಬೇಡ" ಅಂದಿದ್ದಳು. ಅವಳ ಎಡಗೈ ಸೂಜಿ ಎತ್ತಿದರೆ ಇವಳ ಬಲಗೈ ಎತ್ತುತ್ತಿತ್ತು. ಹಾಗೆ ಇಪ್ಪತ್ತೆರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ದಾರ ಎಳೆಯುತ್ತಿದ್ದ ಅಕ್ಕ "ಯಾಕೋ ತಲೆ..." ಅಂದವಳೇ ಪುಸ್ತಕದ ಮೇಲೆ ತಲೆಯಿಟ್ಟಳು. ಮತ್ತೆ ಎತ್ತಲಿಲ್ಲ.

ಫೋನು ನಡುಗಿದ್ದು ಅಕ್ಕನ ಗುಂಪಿನಿಂದ. ನಾಲ್ಕು ಊರಿನ ನಾಲ್ಕು ಜನ ಬೈಂಡಿಂಗ್‌ನವರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಗುಂಪು ಕಟ್ಟಿದವರು ಅಂಟಜ್ಜ. ಅಂಟು ಕಾಯಿಸುವುದರಲ್ಲಿ ಎತ್ತಿದ ಕೈ ಎಂದು ಆ ಹೆಸರು. ಉಳಿದವರು ರಟ್ಟಣ್ಣ, ಕತ್ತರಿ. ಅಕ್ಕನಿಗೆ ಅಲ್ಲಿ ಸೂಜಿ ಎಂದು ಹೆಸರು. ಗುಂಪು ಹುಟ್ಟಿದ ದಿನವೇ ಅಂಟಜ್ಜ ಕಟ್ಟಳೆ ಬರೆದಿದ್ದರು: "ಮುಖ ನೋಡಿ ಮಣೆ ಹಾಕೋ ಕೆಲಸ ಹೊರಗಡೆ ಬೇಕಾದಷ್ಟು ನಡೀತದೆ. ಇಲ್ಲಿ ಮುಖ ಬೇಡ, ದನಿ ಬೇಡ. ಬರೀ ಕೈ, ಬರೀ ಕೆಲಸ." ಅದರಂತೆ ದಿನಾ ಸಂಜೆ ಒಬ್ಬೊಬ್ಬರೂ ಕೆಲಸದಲ್ಲಿರುವ ತಮ್ಮ ಕೈಯ ಒಂದು ಫೋಟೋ ಹಾಕಬೇಕು. ಅದಕ್ಕೆ 'ಇವತ್ತಿನ ಕೈ' ಅನ್ನುತ್ತಿದ್ದರು.

ಅಕ್ಕನಿಗೆ ಈ ಕಟ್ಟಳೆ ಹೇಳಿ ಮಾಡಿಸಿದಂತಿತ್ತು. ಅವಳ ಎಡಗೆನ್ನೆಯ ಮೇಲೆ ಹುಟ್ಟಿನಿಂದ ಬಂದ ಅಂಗೈಯಗಲದ ಕಪ್ಪು ಮಚ್ಚೆ. ಅದೊಂದು ಬಿಟ್ಟರೆ ಅಕ್ಕತಂಗಿಯರದು ಒಂದೇ ಅಚ್ಚು. ಆದರೆ ಜನ ಆ ಒಂದನ್ನು ಬಿಡಬೇಕಲ್ಲ? ಅಂಗಡಿಗೆ ಬಂದವರು ಅಕ್ಕನ ಜೊತೆ ಮಾತಾಡುವಾಗಲೂ ಮಚ್ಚೆಯ ಜೊತೆಗೇ ಮಾತಾಡುತ್ತಿದ್ದರು. ಅವಳು ಫೋಟೋ ತೆಗೆಸಿಕೊಂಡವಳಲ್ಲ. ಗುಂಪಿನಲ್ಲಿ ಮಾತ್ರ ನಗುತ್ತಿದ್ದಳು, ಜಗಳವಾಡುತ್ತಿದ್ದಳು, ರಟ್ಟಣ್ಣನ ಕಾಲೆಳೆಯುತ್ತಿದ್ದಳು.

ಆ ರಟ್ಟಣ್ಣನೇ ಬರೆದಿದ್ದ: "ಸೂಜಿಯಕ್ಕಾ, ಎಲ್ಲಿ ಮಾಯ ಆಗ್ಬಿಟ್ರಿ? ಬದುಕಿದ್ದೀರೋ ಇಲ್ವೋ?"

ನಾನು ಅವಳ ತಂಗಿ, ಅವಳು ಹೋಗಿಬಿಟ್ಟಳು ಎಂದು ಬರೆಯಲೇ ತಂಗಿ ಫೋನು ಕೈಗೆತ್ತಿಕೊಂಡದ್ದು. ಮೂರು ಸಲ ಬರೆದಳು, ಮೂರು ಸಲ ಅಳಿಸಿದಳು. ನಾಲ್ಕನೆಯ ಸಲ ಬೆರಳು ತಾನಾಗಿ "ಬದುಕಿದ್ದೀನಿ" ಎಂದು ಬರೆದು ಕಳಿಸಿತು.

ಕೂಡಲೇ ಅಂಟಜ್ಜನ ಉತ್ತರ ಬಂತು. ದಿನಾ ಅವರು ಅಕ್ಕನಿಗೆ ಕೇಳುತ್ತಿದ್ದ ಅದೇ ಮಾತು: "ಊಟ ಆಯ್ತಾ, ಸೂಜಿ?"

ತಂಗಿಗೆ ಅಳು ಉಕ್ಕಿ ಬಂತು. ಮನೆಗೆ ಬಂದುಹೋದವರೆಲ್ಲ 'ಇದ್ದಳು', 'ಮಾಡುತ್ತಿದ್ದಳು' ಎಂದೇ ಮಾತಾಡಿ ಎದ್ದು ಹೋಗಿದ್ದರು. ಇಲ್ಲೊಬ್ಬ ಮುದುಕ ಅವಳಿಗೆ ಊಟ ಆಯಿತೇ ಎಂದು ಕೇಳುತ್ತಿದ್ದಾನೆ. "ಆಯ್ತು ಅಜ್ಜ" ಎಂದು ಬರೆದಳು. ಬರೆದದ್ದು ಸುಳ್ಳಾಗಬಾರದೆಂದು ಎದ್ದು ಹೋಗಿ ಉಂಡಳು.

ಒಂದು ಸುಳ್ಳು ಹೇಳಿದರೆ ಅದರ ಬೆನ್ನಿಗೆ ನೂರು ಹುಟ್ಟುತ್ತವೆ ಅನ್ನುತ್ತಾರೆ. ಇಲ್ಲಿ ಹುಟ್ಟಿದ ಎರಡನೆಯ ಸುಳ್ಳು ಕೈಯದು. ಮಾರನೆಯ ಸಂಜೆ "ಇವತ್ತಿನ ಕೈ ಎಲ್ಲಿ ಅಕ್ಕಾ?" ಎಂದಳು ಕತ್ತರಿ. ತಂಗಿ ಹೊಲಿಯುತ್ತ ಫೋಟೋ ತೆಗೆದು ನೋಡಿದರೆ ಸೂಜಿ ಬಲಗೈಯಲ್ಲಿದೆ. ಗುಂಪಿಗೆಲ್ಲ ಗೊತ್ತು, ಸೂಜಿಯಕ್ಕ ಎಡಚಿ. ಫೋನಿನಲ್ಲಿ ಫೋಟೋ ಮಗುಚುವ ಗುಂಡಿಯೊಂದಿತ್ತು. ಒತ್ತಿದಳು. ಬಲ ಎಡವಾಯಿತು. ಆದರೆ ಪುಸ್ತಕದ ಅಕ್ಷರಗಳೂ ಮಗುಚಿ ಬೆನ್ನು ತೋರಿಸಿ ನಿಂತವು. ಅವತ್ತಿನಿಂದ ಅವಳು ಗುಂಪಿಗೆಂದೇ ಖಾಲಿ ಹಾಳೆಯ ಪುಸ್ತಕಗಳನ್ನು ಹೊಲಿಯತೊಡಗಿದಳು. ಯಾರೂ ಕೇಳದ, ಯಾರೂ ಬರೆಯದ ಪುಸ್ತಕಗಳು. ಹದಿನಾಲ್ಕು ತಿಂಗಳಲ್ಲಿ ಬೀರು ತುಂಬಿ, ಅಕ್ಕನ ಮಂಚದ ಕೆಳಗೂ ತುಂಬಿತು.

ಅಕ್ಕನ ಹಳೆಯ ಮಾತುಗಳನ್ನು ಮಾತ್ರ ಅವಳು ಮೇಲಕ್ಕೆ ಸರಿಸಿ ಓದಲಿಲ್ಲ. ಅದು ಕಳ್ಳತನ ಅನ್ನಿಸಿತು. ಹೆಸರನ್ನೇ ಕದ್ದವಳಿಗೆ ಓದುವುದು ಕಳ್ಳತನ ಅನ್ನಿಸಿತು ನೋಡಿ! ಕೋಣೆಯಲ್ಲಿ ಕೂತು ಹೊಲಿಯುವಾಗ ಒಮ್ಮೊಮ್ಮೆ ಇವಳು ದಾರ ಎಳೆದು ನಿಲ್ಲಿಸಿದ ಮೇಲೂ ಎದುರಿನಿಂದ ಸುಯ್ ಎಂದು ದಾರ ಎಳೆದ ಸದ್ದು ಬರುತ್ತಿತ್ತು. ತಲೆ ಎತ್ತಿದರೆ ಸ್ಟೂಲು, ಅದರ ಮೇಲೆ ಕೂತು ಕೂತು ತಗ್ಗು ಬಿದ್ದ ದಿಂಬು. ಹೆದರಿಕೆಯಾಗುತ್ತಿರಲಿಲ್ಲ. ಸದ್ದು ಬಾರದ ದಿನವೇ ಅವಳಿಗೆ ಹೆದರಿಕೆ.

ಹೀಗಿರುವಾಗ ಅಂಟಜ್ಜ ತಮ್ಮ ಕಟ್ಟಳೆಯನ್ನು ತಾವೇ ಮುರಿದರು.

"ಮಕ್ಕಳಾ, ನನ್ನ ಕಣ್ಣಿನ ನರ ಒಣಗ್ತಾ ಇದೆಯಂತೆ. ಇನ್ನೆರಡು ತಿಂಗಳು ಅಂದಿದ್ದಾರೆ ಡಾಕ್ಟ್ರು. ಅದಕ್ಕೆ ಮುಂಚೆ ನಿಮ್ಮ ಮುಖ ಒಂದ್ಸಲ ನೋಡ್ಬೇಕು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ವಿಡಿಯೋದಲ್ಲಿ ಬನ್ನಿ. ಎದುರಿಗೇ ಕೂತು ಹತ್ತು ನಿಮಿಷ ಹೊಲೀರಿ. ಕೈಯನ್ನೂ ಮುಖವನ್ನೂ ಒಟ್ಟಿಗೆ ನೋಡ್ತೀನಿ."

ತಂಗಿ ಆ ಸಾಲುಗಳನ್ನು ಎರಡೆರಡು ಸಲ ಓದಿದಳು. ನಿಜ ಹೇಳಿಬಿಟ್ಟರೆ ಅಕ್ಕ ಬದುಕಿರುವ ಒಂದೇ ಒಂದು ಜಾಗದಲ್ಲೂ ಸಾಯುತ್ತಾಳೆ. ಹೇಳದೆ ಹೋದರೆ, ಕಣ್ಣು ಕಳೆದುಕೊಳ್ಳಲಿರುವ ಮುದುಕನಿಗೆ ಕಡೆಯ ಸಲ ಸುಳ್ಳು ಮುಖ ತೋರಿಸಬೇಕು. ಆ ಮುಖವನ್ನೇ ಅವರು ಕತ್ತಲೆಯೊಳಕ್ಕೆ ತೆಗೆದುಕೊಂಡು ಹೋಗುತ್ತಾರೆ. ಒಂದು ವಾರ ಅವಳು ಎಡಗೈಯಲ್ಲಿ ಹೊಲಿಯಲು ಒದ್ದಾಡಿದಳು. ಬೆರಳೆಲ್ಲ ಚುಚ್ಚಿಹೋಗಿ, ಹಾಳೆಗಳಿಗೆಲ್ಲ ಕೆಂಪು ಚುಕ್ಕೆ ಬಿದ್ದವೇ ಹೊರತು ಹೊಲಿಗೆ ನೆಟ್ಟಗಾಗಲಿಲ್ಲ.

ಶನಿವಾರ ಪರೀಕ್ಷೆಗೆಂದು ಫೋನನ್ನು ಅಕ್ಕನ ಕಡೆಯ ಮೇಜಿನ ಮೇಲೆ, ಅವಳ ಅಂಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಕ್ಯಾಮೆರಾವನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು, ಅಭ್ಯಾಸಬಲದಿಂದ ಬಲಗೈಯಲ್ಲೇ ಸೂಜಿ ಎತ್ತಿದಳು. ಪರದೆಯಲ್ಲಿ ಎದುರಿಗೆ ಕೂತವಳು ಎಡಗೈಯಲ್ಲಿ ಸೂಜಿ ಎತ್ತಿದಳು. ಅದೇ ಮೂಗು, ಅದೇ ಹುಬ್ಬು. ಅದೇ ಜಾಗ. ಮಚ್ಚೆಯಿಲ್ಲದ ಅಕ್ಕ.

ತಂಗಿ ಬಹಳ ಹೊತ್ತು ಹಾಗೇ ನೋಡಿದಳು. ಸೂಜಿ ಇಳಿಸಿದರೆ ಅವಳೂ ಇಳಿಸಿದಳು. ಕಣ್ಣೊರೆಸಿಕೊಂಡರೆ ಅವಳೂ ಒರೆಸಿಕೊಂಡಳು. ಫೋಟೋದ ಹಾಗೆ ಫೋನೇ ಮಗುಚಿ ತೋರಿಸುತ್ತಿದೆ, ಅಕ್ಕನೇ ದಾರಿ ಮಾಡಿಕೊಟ್ಟಳು ಅಂದುಕೊಂಡು ಅವಳು ಆ ದಿನ ನೆಮ್ಮದಿಯಾಗಿ ಮಲಗಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೂ ಇಷ್ಟೇ ನೆಮ್ಮದಿಯಿಂದ.

ಭಾನುವಾರ ನಾಲ್ಕು ಗಂಟೆಗೆ ಪರದೆ ನಾಲ್ಕು ಭಾಗವಾಗಿ ತೆರೆಯಿತು. ರಟ್ಟಿನಂತೆ ದಪ್ಪಗಿರುವನೆಂದು ಎಲ್ಲರೂ ಎಣಿಸಿದ್ದ ರಟ್ಟಣ್ಣ ಕಡ್ಡಿಯಂತಿದ್ದ. ಕಿವಿಗಳು ಮಾತ್ರ ದೊಡ್ಡವು. ಎಲ್ಲರನ್ನೂ ಅಕ್ಕಾ, ಅಣ್ಣಾ ಅನ್ನುತ್ತಿದ್ದ ಕತ್ತರಿಯ ತಲೆ ಪೂರ್ತಿ ನೆರೆತಿತ್ತು, ಅರವತ್ತು ದಾಟಿದ ಹೆಂಗಸು.

"ಅಯ್ಯೋ, ನಿಮಗೆ ನಾನು ಮದುವೆಗೆ ಹುಡುಗನ್ನ ನೋಡ್ತಿದ್ನಲ್ಲ ತಾಯಿ!" ಎಂದ ರಟ್ಟಣ್ಣ. ಕತ್ತರಿ ಕನ್ನಡಕ ತೆಗೆದು ನಗುತ್ತ ಕಣ್ಣೊರೆಸಿಕೊಂಡಳು.

"ನೋಡು ನೋಡು, ಸಿಕ್ಕಿದ್ರೆ ಬೇಡ ಅನ್ನಲ್ಲ."

ಅಂಟಜ್ಜ ಜಟ್ಟಿಯಂಥ ಆಳು, ನುಣ್ಣನೆಯ ತಲೆ, ದಪ್ಪ ಗಾಜಿನ ಕನ್ನಡಕ. ಫೋನಿಗೆ ಮೂಗು ತಗಲುವಷ್ಟು ಹತ್ತಿರ ಬಂದು ಒಬ್ಬೊಬ್ಬರನ್ನೇ ನೋಡುತ್ತಿದ್ದರು.

"ಸೂಜಿಯಕ್ಕಾ, ಥೇಟ್ ನಾನು ಅನ್ಕೊಂಡ ಹಾಗೇ ಇದ್ದೀರಾ" ಎಂದ ರಟ್ಟಣ್ಣ.

ಆ ಮಾತು ತಂಗಿಗೆ ಚುರುಕ್ಕೆಂದಿತು. ಇನ್ನು ಮೇಲೆ ಇವರು ಅಕ್ಕನ ಹಳೆಯ ಜಗಳ ನೆನೆದರೂ, ನಗೆಮಾತು ನೆನೆದರೂ ಕಣ್ಣ ಮುಂದೆ ಬರುವುದು ತನ್ನ ಮುಖ. ಜನ ನೋಡಬಾರದೆಂದು ಜೀವನವೆಲ್ಲ ತಿರುಗಿಸಿಕೊಂಡೇ ಇದ್ದ ಆ ಕೆನ್ನೆ ಈಗ ಇಲ್ಲವೇ ಇಲ್ಲವಾಯಿತು. ಮಾತಿನಿಂದ ತಪ್ಪಿಸಿಕೊಳ್ಳಲು ಅವಳು ಸೂಜಿ ಎತ್ತಿ ಹೊಲಿಗೆ ಶುರುಮಾಡಿದಳು. ತನ್ನ ಚೌಕದಲ್ಲಿ ಅಕ್ಕನೂ ಎಡಗೈಯಲ್ಲಿ ಹೊಲಿಯತೊಡಗಿದಳು.

"ಅಕ್ಕಾ, ಎಡಗೈಗೆ ಏನಾಯ್ತು?" ಎಂದಳು ಕತ್ತರಿ. "ಬಲಗೈಯಲ್ಲಿ ಹೊಲೀತಿದ್ದೀರಲ್ಲ?"

ತಂಗಿಯ ಕೈ ಹಾಳೆಯ ನಡುವೆಯೇ ನಿಂತಿತು. ಫೋನು ನಮ್ಮ ಮುಖವನ್ನು ನಮಗಷ್ಟೇ ಕನ್ನಡಿಯಂತೆ ತೋರಿಸುತ್ತದೆ, ಎದುರಿನವರಿಗೆ ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಇಪ್ಪತ್ತೆರಡು ವರ್ಷ ಎದುರಿಗೊಬ್ಬಳನ್ನು ಕೂರಿಸಿಕೊಂಡು ಬದುಕಿದವಳಿಗೆ ಮಾತ್ರ ಅದು ಹೊಳೆದಿರಲಿಲ್ಲ.

"ಕ್ಯಾಮೆರಾದ ಆಟ ಕಣಮ್ಮ ಅದು" ಎಂದರು ಅಂಟಜ್ಜ. "ಎಡ ಬಲ ಮಾಡುತ್ತೆ, ಬಲ ಎಡ ಮಾಡುತ್ತೆ. ನಮ್ಮ ಸೊಸೆ ನಿನ್ನೆ ಹೇಳ್ಕೊಟ್ಟಳು."

"ಹಂಗಾದ್ರೆ ನಿಮ್ಮ ಗೋಡೆ ಮೇಲಿನ ಕ್ಯಾಲೆಂಡರ್ ನೆಟ್ಟಗೆ ಓದಕ್ಕಾಗ್ತಿದೆಯಲ್ಲ ಅಜ್ಜ?" ಎಂದಳು ಕತ್ತರಿ.

"ನಂದು ಹಳೇ ಫೋನು. ಅದಕ್ಕೆ ಅಷ್ಟೆಲ್ಲ ಬುದ್ಧಿ ಇಲ್ಲ."

ಎಲ್ಲರೂ ನಕ್ಕರು. ಇನ್ನೊಂದಷ್ಟು ಹೊತ್ತು ಹರಟಿ, ಕೈ ಬೀಸಿ, ರಟ್ಟಣ್ಣನೂ ಕತ್ತರಿಯೂ ಹೊರಟರು. ತಂಗಿ ಗುಂಡಿ ಒತ್ತಲು ಕೈ ಚಾಚಿದಳು.

"ನೀನಿರು" ಎಂದರು ಅಂಟಜ್ಜ.

ಪರದೆಯಲ್ಲಿ ಈಗ ಎರಡೇ ಮುಖ. ಅಜ್ಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾವಾಗ ಹೋದ್ಳು?"

ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಆದರೂ ತಂಗಿ ತಡವರಿಸಿದಳು. "ನಿಮಗೆ... ಹೇಗೆ ಗೊತ್ತಾಯ್ತು ಅಜ್ಜ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮಾ? ಹದಿನಾಲ್ಕು ತಿಂಗಳಿಂದ ನಿನ್ನ ಫೋಟೋದಲ್ಲಿ ಒಂದೇ ಒಂದು ಅಕ್ಷರ ಕಂಡಿಲ್ಲ. ಸೂಜಿ ಪುಸ್ತಕ ಹೊಲಿಯೋಕೆ ಮುಂಚೆ ನಾಲ್ಕು ಸಾಲಾದ್ರೂ ಓದ್ತಿದ್ಳು, ಓದಿದ್ದನ್ನ ಬರೀತಿದ್ಳು. ಅಂಥೋಳು ಹದಿನಾಲ್ಕು ತಿಂಗಳು ಖಾಲಿ ಹಾಳೆ ಹೊಲೀತಾಳಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ. ಹೇಳಿದ್ರೆ ಅವಳು ಸತ್ತುಹೋಗ್ತಿದ್ಳಲ್ಲ" ಎಂದರು ಅಜ್ಜ. "ದಿನಾ ರಾತ್ರಿ ಊಟ ಆಯ್ತಾ ಅಂತ ಕೇಳಿದ್ರೆ ಆಯ್ತು ಅಜ್ಜ ಅಂತ ಬರೋದು. ನನಗೂ ಅಷ್ಟು ಸಾಕಾಗಿತ್ತು."

ತಂಗಿ ಅತ್ತಳು. ಹದಿನಾಲ್ಕು ತಿಂಗಳು ಅಕ್ಕನ ಹೆಸರಲ್ಲಿ ಅಳಲಾಗದೆ ಉಳಿದದ್ದೆಲ್ಲ ಒಟ್ಟಿಗೆ ಬಂತು. ಹೋದ ದಿನವನ್ನೂ ಹೊತ್ತನ್ನೂ ಹೇಳಿದಳು, ಪುಸ್ತಕದ ಮೇಲೆ ತಲೆಯಿಟ್ಟದ್ದನ್ನು ಹೇಳಿದಳು. ಅಜ್ಜ ಎಲ್ಲವನ್ನೂ ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡರು.

"ಅವಳು ನನಗೊಂದು ಮಾತು ಕೊಟ್ಟಿದ್ಳು" ಎಂದರು ಆಮೇಲೆ. "ಕಣ್ಣಿನ ವಿಷಯ ಗುಂಪಿನ ಹೊರಗೆ ಅವಳೊಬ್ಬಳಿಗೇ ಆಗಲೇ ಬರೆದಿದ್ದೆ. 'ನಿಮ್ಮ ಕಣ್ಣು ಹೋಗೋಕೆ ಮುಂಚೆ ಒಂದಿನ ನನ್ನ ಮುಖ ತೋರಿಸ್ತೀನಿ ಅಜ್ಜ, ನೋಡಿ ಬೆಚ್ಚಿಬೀಳಬಾರದು' ಅಂತ ಬರೆದಿದ್ಳು. ನಮ್ಮಿಬ್ಬರ ಮಾತಲ್ಲಿ ಮೇಲಕ್ಕೆ ಸರಿಸಿ ನೋಡು, ಇನ್ನೂ ಇದೆ. ಕರೆದದ್ದು ಅದಕ್ಕೇ. ಅವಳದೊಂದು ಪಟ ಇದೆಯಾ?"

ಇತ್ತು. ಒಂದೇ ಒಂದು. ಅಕ್ಕ ಹೊಲಿಯುತ್ತಿದ್ದಾಗ ಅವಳಿಗೆ ಗೊತ್ತಾಗದಂತೆ ತಂಗಿ ಯಾವಾಗಲೋ ತೆಗೆದದ್ದು. ಅಕ್ಕ ಹೋದ ಮೇಲೆ ಅದನ್ನು ನೋಡಲಾರದೆ ಮೇಜಿನ ಖಾನೆಯಲ್ಲಿ ಬೋರಲು ಹಾಕಿಟ್ಟಿದ್ದಳು. ಹೊರತೆಗೆದು ಧೂಳು ಒರೆಸಿ ಫೋನಿನ ಮುಂದೆ ಎರಡೂ ಕೈಯಿಂದ ಹಿಡಿದಳು. ಅವಳ ಚೌಕದಲ್ಲಿ ಮಚ್ಚೆ ಬಲಗೆನ್ನೆಗೂ ಸೂಜಿ ಬಲಗೈಗೂ ಬಂದಿದ್ದವು. ಅಜ್ಜನಿಗೆ ಮಾತ್ರ ಎಲ್ಲವೂ ಇದ್ದಲ್ಲೇ ಕಾಣುತ್ತಿತ್ತು.

"ಇನ್ನೂ ಹತ್ತಿರ ತಾ."

ತಂದಳು. ಅಜ್ಜನ ಕನ್ನಡಕದ ಒಂದು ಗಾಜು ಪರದೆಯ ತುಂಬ ಬಂತು. ಅದರ ಹಿಂದಿನ ಕಣ್ಣು ನಿಧಾನವಾಗಿ, ಪುಸ್ತಕದ ಸಾಲು ಓದುವಂತೆ, ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಬಾಯಿಗೆ, ಅಲ್ಲಿಂದ ಕೈಗೆ ಇಳಿಯಿತು. ಬೆಚ್ಚಿಬೀಳಲಿಲ್ಲ.

"ಎಡಗೈ" ಎಂದರು ಮೆಲ್ಲಗೆ. ಮತ್ತೆ ಮುಖಕ್ಕೆ ಬಂದರು. ಕಿಟಕಿಯಾಚೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ಊಟ ಆಯ್ತಾ, ಸೂಜಿ?"

'ಆಯ್ತು ಅಜ್ಜ' ಎಂಬ ಮಾತು ತಂಗಿಯ ಬಾಯಿಗೆ ಬಂದಿತ್ತು. ಕೇಳಿದ್ದು ಅಕ್ಕನನ್ನು, ತುಟಿ ಕಚ್ಚಿ ತಡೆದುಕೊಂಡಳು. ಪಟವನ್ನು ಅಲುಗಿಸದೆ ಹಿಡಿದು ಕೂತಳು. ಇಬ್ಬರೂ ಬಹಳ ಹೊತ್ತು ಕಾದರು.