ಕಟ್ಟೆಯ ಒಸರಪ್ಪ

ಜಲಾಶಯ ನೋಡಲು ಬಂದವರೆಲ್ಲ ನೀರಿನ ಕಡೆ ಮುಖ ಮಾಡಿ ನಿಂತರೆ, ಅವರೊಬ್ಬರು ಮಾತ್ರ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಇಪ್ಪತ್ತೆಂಟು ವರ್ಷ ಆ ಮಣ್ಣಿನ ಕಟ್ಟೆಯ ಮೇಲೆ ನಡೆದಾಡಿದ ಮನುಷ್ಯ, ಇಳಿಬಿಸಿಲಿಗೆ ಆ ಅಪಾರ ಜಲರಾಶಿ ಯಾವ ಬಣ್ಣಕ್ಕೆ ತಿರುಗುತ್ತದೆಂದು ಕೇಳಿದ್ದರೆ ತಡವರಿಸುತ್ತಿದ್ದರೇನೋ. ಆದರೆ ಕಟ್ಟೆಯ ಒಣಮಗ್ಗುಲಿನ ಇಳಿಜಾರಿನಲ್ಲಿ ಹುಲ್ಲು ಎಲ್ಲಿ ನೆರೆಯ ಹುಲ್ಲಿಗಿಂತ ಒಂದಿಷ್ಟು ಹೆಚ್ಚು ಹಸಿರಾಗಿದೆ, ಎಲ್ಲಿ ಹೆಗ್ಗಣ ಹೊಸದಾಗಿ ಮಣ್ಣು ಕೆದರಿದೆ, ಎಲ್ಲಿ ಕಾಲಿಟ್ಟರೆ ನೆಲ ಸ್ವಲ್ಪ ಮೆತ್ತಗೆನಿಸುತ್ತದೆ ಎಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲವರಾಗಿದ್ದರು. ಇಳಿಜಾರಿನ ಮೇಲೆ ಸದಾ ಒಂದೇ ದಿಕ್ಕಿಗೆ ನಡೆದೂ ನಡೆದೂ ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿ, ಸಮತಟ್ಟಾದ ರಸ್ತೆಯಲ್ಲೂ ಅವರು ಗುಡ್ಡದ ಮಗ್ಗುಲಲ್ಲಿ ಹೋಗುವವರಂತೆ ವಾಲಿಕೊಂಡೇ ಹೋಗುತ್ತಿದ್ದರು.

ಮಣ್ಣಿನ ಕಟ್ಟೆ ಎಂದಮೇಲೆ ಅದು ಒಂದಿಷ್ಟು ಒಸರಲೇಬೇಕು. ಹಾಗೆ ಒಸರಿದ ನೀರು ಕಟ್ಟೆಯ ಬುಡದ ಕಾಲುವೆಗೆ ಇಳಿದು, ಅಳತೆಗೆಂದು ತ್ರಿಕೋನಾಕಾರದ ಕಚ್ಚು ಕತ್ತರಿಸಿದ ಒಂದು ತಗಡಿನ ಮೂಲಕ ಹರಿದುಹೋಗುತ್ತಿತ್ತು. ಅದು ಎಷ್ಟಿದೆ, ಹೇಗಿದೆ ಎಂದು ದಿನಕ್ಕೆ ಎರಡು ಬಾರಿ ನೋಡಿ ಬರೆಯುವುದೇ ಅವರ ಉದ್ಯೋಗ. ಕಚೇರಿಯವರು ಅವರಿಗೆ ಒಸರಪ್ಪ ಎಂದು ಹೆಸರಿಟ್ಟಿದ್ದರು. ಅವರೂ ಅದಕ್ಕೆ ಓಗೊಡುತ್ತಿದ್ದರು. ಮೊಣಕಾಲು ದಾಟುವ ಖಾಕಿ ಕೋಟು, ಅದರ ಬಲಜೇಬಿನಲ್ಲಿ ಔಷಧಿಯಂಗಡಿಯಿಂದ ತಂದ ಬಿಳಿಗಾಜಿನ ಶೀಸೆ. ಶೀಸೆಗೆ ಒಸರುನೀರು ತುಂಬಿ, ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಅವರು ಅದನ್ನು ನೋಡುತ್ತಿದ್ದ ಬಗೆಯಲ್ಲಿ ಕೂಸಿನ ಜ್ವರ ನೋಡುವ ತಾಯಿಯ ಆತಂಕವೂ, ಎದುರಾಳಿಯ ಸಾಕ್ಷಿಯನ್ನು ಜಗ್ಗಾಡಿಸುವ ವಕೀಲನ ಗುಮಾನಿಯೂ ಕೂಡಿಕೊಂಡಿದ್ದವು. ಹೇಗಿದ್ದೀರಿ ಎಂದು ಯಾರು ಕೇಳಿದರೂ ಒಂದೇ ಉತ್ತರ: "ತಿಳಿಯಾಗಿದೆ." ತಮ್ಮ ಆರೋಗ್ಯ ಕೇಳಿದರೋ ಕಟ್ಟೆಯದನ್ನೋ ಎಂಬ ಭೇದ ಅವರಿಗಿರಲಿಲ್ಲ.

ನಾನು ಆ ಕಚೇರಿಗೆ ನಕ್ಷೆಗಾರನಾಗಿ ಹೋದದ್ದು ಅವರ ಇಪ್ಪತ್ತನೆಯ ವರ್ಷದಲ್ಲಿ. ಕೆಳಗಿನ ಪಟ್ಟಣದಲ್ಲಿ ಅವರ ಹೆಂಡತಿ ಒಂದು ಲಾಂಡ್ರಿ ನಡೆಸುತ್ತಿದ್ದರು. ಮಕ್ಕಳಿಲ್ಲದ ಆ ಮನೆಯ ಮುಂಭಾಗವೇ ಅಂಗಡಿ; ಹಿಂದೆ ಎರಡು ದೊಡ್ಡ ಹಂಡೆ, ಸದಾ ಹಬೆ, ಹಗ್ಗಗಳ ಮೇಲೆ ಪರರ ಬಿಳಿ ಅಂಗಿಗಳು. ಒಮ್ಮೆ ಆಕೆ ಆಸೆಪಟ್ಟು ಒಂದು ಗುಲಾಬಿ ಗಿಡ ತಂದು ಜಗಲಿಯಲ್ಲಿಟ್ಟಾಗ ಇವರು ಕುಂಡವನ್ನು ಸುತ್ತುಹಾಕಿ, "ಬೇರು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗಲ್ಲ ನೋಡು" ಎಂದರಂತೆ. "ಕುಂಡದ ಒಳಗೇ ಹೋಗುತ್ತೆ ಕಣ್ರೀ, ಇನ್ನೆಲ್ಲಿಗೆ" ಎಂದು ಆಕೆ ನಕ್ಕದ್ದನ್ನು ಅವರೇ ನನಗೆ ಹೇಳಿದ್ದರು. ಕಟ್ಟೆಯ ಮೇಲೆ ಗೇಣುದ್ದದ ಸಸಿ ಕಂಡರೂ ಮಂಡಿಯೂರಿ ಬೇರುಸಹಿತ ಕೀಳುವವರು ಅವರು. ಬೇರು ಕೊಳೆತರೆ ಅದೇ ನೀರಿಗೆ ದಾರಿ.

ನಾನು ಹೋದ ಮೂರನೆಯ ವರ್ಷ, ಜಲಾಶಯ ತುಂಬಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಮೇಲೆ ಶೀಸೆಯನ್ನಿಟ್ಟರು. ಎಂದಿನಂತೆ ನಾನು ಹೇಗಿದ್ದೀರಿ ಎಂದೆ. ತಿಳಿಯಾಗಿದೆ ಎನ್ನದೆ ಅವರು ಶೀಸೆಯತ್ತ ಬೆರಳು ತೋರಿಸಿದರು. ಶೀಸೆಯ ತಳದಲ್ಲಿ ಒಂದು ಚಿಟಿಕೆಯಷ್ಟು ನುಣ್ಣನೆಯ ಕೆಂಪು ಕೂತಿತ್ತು. "ಇದು ನೀರಿನ ಬಣ್ಣ ಅಲ್ಲ. ಕಟ್ಟೆಯ ಹೊಟ್ಟೆಯೊಳಗಿನ ಮಣ್ಣು. ಹೊರಗೆ ಬರ್ತಿದೆ" ಎಂದರು.

ನಮ್ಮ ಎಂಜಿನಿಯರು ಕೆಟ್ಟವರೇನಲ್ಲ, ಆದರೆ ಒಂದು ಚಿಟಿಕೆ ಮಣ್ಣಿಗಾಗಿ ಒಂದು ವರ್ಷದ ನೀರನ್ನು ಹರಿಯಬಿಡುವುದು ಯಾರಿಗೂ ಸುಲಭವಲ್ಲ. "ಮಳೆನೀರು ಸೇರಿರಬೇಕು" ಎಂದರು. "ಹನ್ನೊಂದು ದಿನದಿಂದ ಮಳೆ ಇಲ್ಲ, ಸಾರ್. ನೀರು ಇಳಿಸಬೇಕು." "ಬೇಸಿಗೇಲಿ ಪಟ್ಟಣಕ್ಕೆ ಏನು ಕುಡಿಸ್ತೀರಿ?" ಒಸರಪ್ಪನವರು ಕಟ್ಟೆಯ ಬುಡಕ್ಕೆ ಹೋಗಿ ಇನ್ನೊಂದು ಶೀಸೆ ತುಂಬಿಕೊಂಡು ಬಂದು ಎಂಜಿನಿಯರ ಕಿಟಕಿಯ ಹಲಗೆಯ ಮೇಲಿಟ್ಟರು. ಎರಡು ಗಂಟೆ ಬಿಟ್ಟು ಮತ್ತೊಂದು. ಮೂರನೆಯ ದಿನದ ಹೊತ್ತಿಗೆ ಕಿಟಕಿಯಲ್ಲಿ ಹದಿನಾಲ್ಕು ಶೀಸೆಗಳಿದ್ದವು. ಎಡದಿಂದ ಬಲಕ್ಕೆ ನೋಡುತ್ತ ಹೋದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಎಂಜಿನಿಯರು ಕೊನೆಯ ಶೀಸೆಯನ್ನು ಕೈಗೆತ್ತಿಕೊಂಡು, "ಬರೆದು ಸಹಿ ಮಾಡಿಕೊಡಿ. ತಪ್ಪಾದ್ರೆ ನಿಮ್ಮ ತಲೆಗೇ ಬರುತ್ತೆ" ಎಂದರು. ಒಸರಪ್ಪನವರು ನಿಂತೇ ಬರೆದರು. ಆ ದಿನವೇ ತೂಬು ತೆರೆಯಿತು. ನೀರು ಇಳಿಯಲು ಹತ್ತೊಂಬತ್ತು ದಿನ ಹಿಡಿಯಿತು.

ಆ ಬೇಸಿಗೆಯಲ್ಲಿ ಪಟ್ಟಣದ ನಲ್ಲಿಗಳಲ್ಲಿ ವಾರಕ್ಕೊಮ್ಮೆ ನೀರು ಬಂತು. ಜನ ಕೊಡಗಳನ್ನು ಸಾಲಿಟ್ಟು ಕಾಯುವ ಬೀದಿಗಳಲ್ಲಿ ಅವರು ತಮ್ಮ ವಾಲು ನಡಿಗೆಯಲ್ಲಿ ಹಾದುಹೋದರೆ ಮಾತು ನಿಂತುಹೋಗುತ್ತಿತ್ತು. ಕ್ಷೌರದಂಗಡಿಯವನು ಅವರನ್ನು ಕಂಡು, ಇವತ್ತು ನೀರಿಲ್ಲ ಎಂದು ಬಾಗಿಲು ಮುಂದೆ ಮಾಡಿದ. ಹಂಡೆಗಳೆರಡೂ ಬೋರಲು ಬಿದ್ದವು, ಲಾಂಡ್ರಿ ಮುಚ್ಚಿತು. ಹೆಂಡತಿ ಕೇಳಿದರಂತೆ, "ನೀವೇ ಬರೆದುಕೊಟ್ಟಿದ್ದಂತೆ, ಹೌದಾ?"

"ಹೌದು."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅಂತಿರಲಿಲ್ಲ. ಆ ಮೂರು ದಿನ ನಿಮ್ಮ ಜೊತೆ ಕೂತಿರ್ತಿದ್ದೆ."

ಆಕೆ ತಮ್ಮನ ಊರಿಗೆ ಹೋಗಿ ಅಲ್ಲಿ ಅಂಗಡಿ ಹೂಡಿದರು. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದರು. ಆಮೇಲೆ ಕಾಗದ ಬರುತ್ತಿತ್ತು. ಬರಬರುತ್ತ ಅದೂ ಕಡಿಮೆಯಾಯಿತು. ಜಗಳವೆಂಬುದು ಆಗಲೇ ಇಲ್ಲ. ಆಗಿದ್ದರೆ ಒಳ್ಳೆಯದಿತ್ತೇನೋ ಎಂದು ನನಗೆ ಈಗಲೂ ಅನಿಸುವುದುಂಟು.

ನೀರು ಇಳಿದ ಮೇಲೆ ಕಟ್ಟೆಯನ್ನು ಅಗೆದರು. ಕಟ್ಟೆಯೊಳಗೆ ಹಾದುಹೋಗಿದ್ದ ಹಳೆಯ ಕೊಳವೆಯೊಂದರ ಪಕ್ಕದಲ್ಲಿ, ನಾಲ್ಕಾಳು ಆಳದಲ್ಲಿ, ಬೆಳೆದ ಮನುಷ್ಯನೊಬ್ಬ ಕುಕ್ಕರುಗಾಲಲ್ಲಿ ಕೂರುವಷ್ಟು ದೊಡ್ಡ ಪೊಟರೆ ಸಿಕ್ಕಿತು. ಎಂಜಿನಿಯರು ತಾವೇ ಒಳಗಿಳಿದು ನೋಡಿ, ಹೊರಬಂದು, ಮೊಣಕಾಲಿನ ಮಣ್ಣನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೊಡವಿಕೊಂಡರು. ಪೊಟರೆಗೆ ಜೇಡಿಮಣ್ಣು ತುಂಬಿ ಪದರಪದರವಾಗಿ ದಮ್ಮಸು ಮಾಡಲಾಯಿತು. ವರದಿಯಲ್ಲಿ ಬಂದದ್ದು ಒಂದೇ ಸಾಲು: ದುರಸ್ತಿ ಪೂರ್ಣಗೊಂಡಿದೆ. ಆ ಪೊಟರೆಯ ನಕ್ಷೆ ಬರೆದವನು ನಾನು. ಅದು ಇನ್ನೆಷ್ಟು ದಿನ ತಡೆಯುತ್ತಿತ್ತು ಎಂದು ಕೇಳಿದ್ದಕ್ಕೆ ಎಂಜಿನಿಯರು, "ದಿನ?" ಎಂದಷ್ಟೇ ಹೇಳಿ ನಕ್ಷೆಯನ್ನು ಮಡಚಿಟ್ಟರು.

"ಪಟ್ಟಣದವರಿಗೆ ಇದನ್ನ ಹೇಳಬಾರದಾ?" ಎಂದು ನಾನು ಒಸರಪ್ಪನವರನ್ನು ಕೇಳಿದೆ.

"ಹೇಳಿದ್ರೆ ಅವರಿಗೆ ನಿದ್ದೆ ಹೇಗೆ ಬರುತ್ತೆ?"

"ಮನೆಯವರಿಗಾದರೂ?"

ಅವರು ಕಾಲುವೆಯ ಅಂಚಿನ ಒಂದು ಸಸಿಯನ್ನು ಕಿತ್ತು, ಮಣ್ಣು ಕೊಡವಿ, ಕೋಟಿನ ಜೇಬಿಗೆ ಹಾಕಿಕೊಂಡರು. "ಹೇಳ್ದೆ. 'ನೀವು ಸುಳ್ಳು ಬರೆಯೋರಲ್ಲ ಅಂತ ನನಗೆ ಗೊತ್ತಿತ್ತು, ನನ್ನ ತಕರಾರು ಅದಲ್ಲ' ಅಂದ್ಲು."

ನಿವೃತ್ತಿಯಾದ ಮೇಲೆ ಅವರು ಹೆಂಡತಿಯ ಊರಿಗೆ ಹೋಗಿ ಎರಡು ತಿಂಗಳಿದ್ದರು. ಬಟ್ಟೆ ಮಡಿಸಲು ಕೂರಿಸಿದರಂತೆ, ಚೆನ್ನಾಗಿಯೇ ಮಡಿಸುತ್ತಿದ್ದರಂತೆ. ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ನಿಂತು, ದುಪ್ಪಟಿಯ ಮೂಲೆಗಳನ್ನು ಹಿಡಿದು ಹತ್ತಿರ ಬರುವುದು, ಮಡಿಕೆ ಕೂಡಿಸುವುದು, ಮತ್ತೆ ದೂರ ಸರಿಯುವುದು. ಒಂದು ಬೆಳಿಗ್ಗೆ ಆಕೆಯೇ, "ನಿಮ್ಮ ಮನಸ್ಸು ಇಲ್ಲಿಲ್ಲ, ಹೋಗಿ" ಎಂದರಂತೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ ಎಂದು ಅವರು ನನಗೆ ಎರಡೆರಡು ಬಾರಿ ಹೇಳಿದರು.

ನಾನು ಕೊನೆಯ ಸಲ ನೋಡಿದಾಗ ಅವರು ಪಟ್ಟಣದ ಅತಿ ತಗ್ಗಿನ ಬೀದಿಯಲ್ಲಿ, ಕಟ್ಟೆಗೆ ನೇರ ಕೆಳಗೆ, ಒಂದು ಕೋಣೆಯಲ್ಲಿದ್ದರು: ಒಂದು ಮಂಚ, ಒಂದು ಸ್ಟೌವ್, ಮೊಳೆಗೆ ನೇತುಹಾಕಿದ ಕೋಟು. ಕಟ್ಟೆಯ ಕೆಲಸ ಈಗ ಯಂತ್ರಗಳದು. ಕಟ್ಟೆಯೇನಾದರೂ ಒಡೆದರೆ ಮೊದಲು ಹೋಗುವ ಬೀದಿ ಅದು. ಬೇರೆ ಕಡೆ ಮನೆ ಸಿಗಲಿಲ್ಲವೇ ಎಂದೆ. "ಸಿಕ್ತು" ಎಂದರು, ಅಷ್ಟೇ. ಅಷ್ಟರಲ್ಲಿ ಪಕ್ಕದ ಮನೆಯಾಕೆ ನನಗೆಂದು ಒಂದು ಲೋಟ ನೀರು ತಂದುಕೊಟ್ಟು, ಅವರ ಎದುರಿಗೇ, ಮುಗುಳ್ನಗುತ್ತ, "ಒಂದು ಬೇಸಿಗೆ ನಮ್ಮ ನೀರನ್ನೆಲ್ಲ ಖಾಲಿ ಮಾಡಿಸಿದ್ದು ಇವರೇ ಅಂತೆ, ನಮ್ಮತ್ತೆ ಹೇಳ್ತಿದ್ರು. ನಿಜವಾ?" ಎಂದರು. ನನ್ನ ನಾಲಗೆಯ ತುದಿಗೆ ಎಲ್ಲವೂ ಬಂದಿತ್ತು. ಒಸರಪ್ಪನವರು ನನ್ನತ್ತ ಒಮ್ಮೆ ನೋಡಿ, "ಹೌದಮ್ಮ, ನಾನೇ" ಎಂದರು. ಆಕೆ ನಗುತ್ತಲೇ ಒಳಗೆ ಹೋದರು.

ಅವಘಡದಿಂದ ಜನರನ್ನು ಎತ್ತಿ ತಂದವರಿಗೆ ಕೈಮುಗಿಯಲು ನಮಗೆ ಗೊತ್ತು. ಕಣ್ಣೆದುರು ಬೆಂಕಿಯಿರುತ್ತದೆ, ನೆರೆಯಿರುತ್ತದೆ, ಬದುಕಿಬಂದವರ ಮುಖವಿರುತ್ತದೆ. ಅವಘಡವನ್ನೇ ಆಗಗೊಡದವರ ಕುಲ ಬೇರೆ. ಅವರಿಂದ ಉಳಿದವರಿಗೆ ತಾವು ಉಳಿದೆವೆಂಬುದೇ ತಿಳಿದಿರುವುದಿಲ್ಲ. ತಿಳಿದಿರುವುದು ಆ ಉಪಕಾರದಿಂದಾದ ತೊಂದರೆ ಮಾತ್ರ. ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆಂದು ನನ್ನ ನಂಬಿಕೆ. ತಮ್ಮ ಸತ್ಯಕ್ಕೆ ತಾವೊಬ್ಬರೇ ಸಾಕ್ಷಿಯಾಗಿ, ಆ ಸತ್ಯವನ್ನು ಯಾರೊಂದಿಗಾದರೂ ಹಂಚಿಕೊಳ್ಳಬಹುದಿದ್ದ ಒಂದೇ ಒಂದು ಗಳಿಗೆಯನ್ನೂ ಕರ್ತವ್ಯದ ಭರದಲ್ಲಿ ಕೈಬಿಟ್ಟು, ಉಳಿದ ಆಯುಷ್ಯವನ್ನು ಅವರು ತಾವು ಕಾಪಾಡಿದವರ ನಡುವೆಯೇ ಅಪರಿಚಿತರಂತೆ ಕಳೆಯುತ್ತಾರೆ. ಬೆಳಿಗ್ಗೆ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆಯುವ ಸದ್ದು ಕೇಳಿ, ಎಣಿಸಿ, ಎಲ್ಲವೂ ತೆರೆದವೆಂದು ಖಾತ್ರಿಯಾದ ಮೇಲೆ ತಮ್ಮ ಪಾಡಿಗೆ ತಾವು ಮಗ್ಗುಲಾಗುತ್ತಾರೆ.