ಲೆನ್ಸಿಗೆ ಅಡ್ಡ ಹಿಡಿದ ರಟ್ಟು

ಬಿಸ್ಕತ್ತಿನ ಪೆಟ್ಟಿಗೆಯಿಂದ ಕತ್ತರಿಸಿ ತಂದ ರಟ್ಟನ್ನು ಅಣ್ಣ ಪ್ರೊಜೆಕ್ಟರಿನ ಮೇಲಿಟ್ಟ. ಆಪರೇಟರಾಗಿದ್ದ ಅವನ ತಂಗಿ ಅದನ್ನು ತೆಗೆದು ಸ್ಟೂಲಿನ ಮೇಲೆ ಎಸೆದಳು. ಬಿಸಿ ಮಿಷಿನ್ನಿನ ಮೇಲೆ ಏನನ್ನೂ ಇಡಬಾರದು, ಚಿತ್ರ ಓಡುವಾಗ ಲೆನ್ಸಿಗೆ ಕೈ ಅಡ್ಡ ತರಬಾರದು. ಇದೇ ಕ್ಯಾಬಿನ್ನಿನಲ್ಲಿ ತಲೆ ನರೆಸಿಕೊಂಡ ಅಪ್ಪ ಇಬ್ಬರಿಗೂ ಹೇಳಿಕೊಟ್ಟ ಪಾಠ. ಅವಳು ಅಪ್ಪನ ಕೆಲಸ ಹಿಡಿದಳು. ಅಣ್ಣ ಧರ್ಮ ಸಮಿತಿ ಸೇರಿದ.

ಚಿತ್ರ ಒಂದು ಮಾಯಾಲೋಕದ ಕಾದಂಬರಿಯದು. ಮಾತಾಡುವ ಮೇಕೆಗಳು, ತೇಲುವ ಊರು, ಕೊನೆಗೆ ಮೇಕೆ ಕಾಯುವ ಹುಡುಗಿ ದೇವರನ್ನೇ ಕಟಕಟೆ ಹತ್ತಿಸಿ ಪ್ರಶ್ನೆ ಕೇಳುತ್ತಾಳೆ. ಪುಸ್ತಕ ಹನ್ನೆರಡು ವರ್ಷ ಅಂಗಡಿಗಳಲ್ಲಿ ಧೂಳು ತಿನ್ನುವಾಗ ಯಾವ ದೇವರಿಗೂ ನೋವಾಗಿರಲಿಲ್ಲ. ಪರದೆಗೆ ಬಂದದ್ದೇ ತಡ, ಸಮಿತಿ ಥಿಯೇಟರಿನ ಗೇಟಿಗೆ ಬಂತು. ಮಾಲೀಕರು ಬೆವರಿ ರಾಜಿಯಾದರು: ಚಿತ್ರ ಓಡಲಿ, ದೇವರು ಕಟಕಟೆಯಲ್ಲಿ ನಿಂತಷ್ಟು ಹೊತ್ತು ಲೆನ್ಸಿಗೆ ರಟ್ಟು ಹಿಡಿಯಬೇಕು. ನೋಡಿದರೆ ಪಾಪವೆಂದು ಸಮಿತಿಯವರು ಗೇಟಿನಾಚೆಯೇ ನಿಂತರು. ಪಾಪ ಹೊರಲು ಅಣ್ಣನನ್ನು ಒಳಗೆ ಕಳಿಸಿದರು.

“ನಾನು ಮುಚ್ಚು ಅಂದ ತಕ್ಷಣ ಮುಚ್ಚಬೇಕು, ತಿಳೀತಾ?”

“ಪುಸ್ತಕ ಓದಿದ್ದೀಯಾ ನೀನು?”

“ಕೊಚ್ಚೆ ಅಂತ ಹೇಳೋಕೆ ಕೊಚ್ಚೇಲಿ ಇಳೀಬೇಕೇನೇ?”

“ಇಳಿದವರು ಯಾರಾದ್ರೂ ಹೇಳಿದ್ರಾ?”

“ಅಪ್ಪನ ಬಾಯಿ ನಿಂಗೇ ಬಂದಿದೆ ನೋಡು. ಕೆಲಸ ಬೇಕೋ ಬೇಡ್ವೋ?”

ಬೇಕಿತ್ತು. ಮ್ಯಾಟಿನಿ ಶುರುಮಾಡಿದಳು.

ನ್ಯಾಯಾಲಯದ ದೃಶ್ಯ ಬಂತು. ಕಟಕಟೆಗೆ ಮೊದಲು ಹತ್ತಿದವನಿಗೆ ಚಿನ್ನದ ಕಿರೀಟ, ತಲೆಯ ಹಿಂದೆ ಝಗಝಗ ಬೆಳಕು. ಕಿಂಡಿಯಲ್ಲಿ ಕಣ್ಣಿಟ್ಟಿದ್ದ ಅಣ್ಣ ಹಾರಿಬಿದ್ದ.

“ಬಂದ, ಬಂದ! ಮುಚ್ಚೇ!”

ಹಿಂದಿನ ದಿನವೇ ಚಿತ್ರವನ್ನು ಓಡಿಸಿ ನೋಡಿದ್ದ ಅವಳಿಗೆ ಅವನು ಯಾರೆಂದು ಗೊತ್ತಿತ್ತು. ಬಾಯಿ ತೆರೆದಳು, ಮುಚ್ಚಿದಳು. ರಟ್ಟು ಹಿಡಿದು ಶಬ್ದ ಇಳಿಸಿದಳು. ಪರದೆ ಕಪ್ಪಾಯಿತು. ಕೆಳಗಿನಿಂದ ಶಿಳ್ಳೆ, ಬೈಗುಳ. ಬೈಗುಳವೆಲ್ಲ ಆಪರೇಟರಿಗೆ. ಅಪ್ಪನ ಜನ್ಮದಲ್ಲಿ ಒಮ್ಮೆಯೂ ಕಪ್ಪಾಗದ ಪರದೆ. ಅಣ್ಣ ಕಣ್ಣುಮುಚ್ಚಿ ಕೈಮುಗಿದಿದ್ದ.

ಮೂರು ನಿಮಿಷಕ್ಕೆ ಕಿರೀಟದವನ ಸರದಿ ಮುಗಿಯಿತು, ರಟ್ಟು ತೆಗೆದಳು. ಕಟಕಟೆಯಲ್ಲೀಗ ಹರಕು ಕಂಬಳಿ ಹೊದ್ದ ಬರಿಗಾಲಿನ ಮುದುಕ. ಹುಡುಗಿ ಕೇಳುತ್ತಿದ್ದಳು: “ಅಷ್ಟು ಕೂಗಿದೆ. ಯಾಕೆ ಬರಲಿಲ್ಲ?” ಮುದುಕ ತಲೆ ತಗ್ಗಿಸಿದ.

“ಕಾವಲುಗಾರ ಇರ್ಬೇಕು,” ಅಂದ ಅಣ್ಣ. “ಪಾಪ, ಮುದುಕನ ಮೇಲೆ ಯಾಕೆ ರೇಗ್ತಾಳೆ ಇವಳು?” ದೃಶ್ಯ ಮುಗಿಯುವವರೆಗೂ ಕಿಂಡಿ ಬಿಟ್ಟು ಕದಲಲಿಲ್ಲ.

ಆಟ ಬಿಟ್ಟಿತು. ಗೇಟಿನಲ್ಲಿ ಜಯಘೋಷ. ಅಣ್ಣ ಅಂಗಿ ಸರಿಮಾಡಿಕೊಂಡ.

“ದೇವರ ಮಾನ ಉಳೀತು.”

“ನೀನು ಮುಚ್ಚಿಸಿದ್ದು ಜನರ ಕಾಳು ಬಚ್ಚಿಟ್ಟ ರಾಜನ್ನ ಕಣೋ.”

“ಮತ್ತೆ ದೇವರು?”

“ಪಾಪ ಅಂದ್ಯಲ್ಲ, ಅವನೇ.”

ಅಣ್ಣನ ಮುಖ ಸುಣ್ಣ ಬಳಿದ ಗೋಡೆಯಾಯಿತು. “ಮೊದ್ಲೇ ಬೊಗಳೋಕೆ ಏನಾಗಿತ್ತೇ?”

“ದೇವರನ್ನ ಕಾಯೋನು ನೀನು, ಗುರುತು ಹಿಡಿಯೋಳು ನಾನಾ?” ಅವಳು ರಟ್ಟನ್ನು ಮೊಣಕಾಲಿಗೆ ಹಾಕಿ ಎರಡು ತುಂಡು ಮಾಡಿ ಅವನ ಎದೆಗೆ ಒತ್ತಿದಳು. “ಕೇಳು. ಮುಂದಿನ ಆಟಕ್ಕೆ ರಟ್ಟು ಬೇಡ ಅಂತ ನಿನ್ನವರಿಗೆ ನೀನೇ ಹೇಳು. ಇಲ್ದಿದ್ರೆ ದೇವರ ದೃಶ್ಯ ಪೂರ್ತಿ ನೋಡಿ ನೀನು ಮರುಗಿದೆ ಅಂತ ನಾನೇ ಗೇಟಿಗೆ ಬಂದು ಹೇಳ್ತೀನಿ.”

ಕೆಳಗೆ ಅವನನ್ನು ಕೂಗುತ್ತಿದ್ದರು. ರಟ್ಟಿನ ತುಂಡುಗಳನ್ನು ಕಂಕುಳಲ್ಲಿಟ್ಟುಕೊಂಡು, ಅಣ್ಣ ಬಾಗಿಲ ಚಿಲಕ ಹಿಡಿದು ನಿಂತೇ ಇದ್ದ.